ಬೆಂಕಿಕುದುರೆಯ ವರ್ಷ, ತಾಯಿಮರದ ಲೆಕ್ಕ

ಈ ಯುಗಾದಿಗೆ ನಮಗೆ ಪರಾಭವ ಸಂವತ್ಸರ. ಜಪಾನಿನ ಹಳೆಯ ಪಂಚಾಂಗದಲ್ಲಿ 2026 ‘ಹಿನೋಯೆ-ಉಮಾ’, ಅಂದರೆ ಬೆಂಕಿಕುದುರೆಯ ವರ್ಷ. ಎರಡೂ ಅರವತ್ತು ವರ್ಷಕ್ಕೊಮ್ಮೆ ಬರುವಂಥವು. ಹಿಂದಿನ ಸಲ ಎರಡೂ ಬಂದದ್ದು 1966ರಲ್ಲಿ. ನಮ್ಮಲ್ಲಿ ಅದು ಸಂಕಲ್ಪ ಹೇಳುವಾಗ ಪುರೋಹಿತರ ಬಾಯಲ್ಲಿ ಬಂದುಹೋಗುವ ಹೆಸರು, ಅಷ್ಟೇ. ಜಪಾನಿನಲ್ಲಿ ಮಾತ್ರ ಅದು ಜನನದ ಅಂಕಿಗಳ ಸಾಲಿನಲ್ಲಿ ಹಲ್ಲು ಕಿತ್ತಂತೆ ಒಂದು ಕಿಂಡಿ ಬಿಟ್ಟುಹೋಗಿದೆ. ‘ಈ ವರ್ಷವೂ ಹಾಗೇ ಆದರೆ ಜಪಾನ್ ಕಥೆ ಮುಗಿಯಿತಲ್ಲವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಬೆಂಕಿಕುದುರೆಯ ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನ ಆಯುಸ್ಸು ತಿನ್ನುತ್ತಾಳೆ ಎಂಬುದು ಅಲ್ಲಿನ ನಂಬಿಕೆ. ನಮ್ಮಲ್ಲಿ ಮೂಲಾ ನಕ್ಷತ್ರದ ಹುಡುಗಿಗೆ ಮಾವನಿಲ್ಲದ ಮನೆ ಹುಡುಕುತ್ತಾರಲ್ಲ, ಅದರ ಅಕ್ಕ ಇದು. ನಂಬಿಕೆಗೆ ಬಲ ಕೊಟ್ಟವಳು ಓಶಿಚಿ ಎಂಬ ತರಕಾರಿ ಅಂಗಡಿಯವನ ಮಗಳು. ಪ್ರಿಯಕರನನ್ನು ಮತ್ತೆ ನೋಡುವ ಆಸೆಗೆ ಎದೋ ನಗರದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ಬೆಂಕಿ ಹಚ್ಚಿದಳೆಂದು 1683ರಲ್ಲಿ ಅವಳಿಗೆ ಮರಣದಂಡನೆಯಾಯಿತು. ಅವಳು ಹುಟ್ಟಿದ್ದು 1666ರ ಬೆಂಕಿಕುದುರೆ ವರ್ಷದಲ್ಲಿ ಎಂಬ ಮಾತು ಸೇರಿಕೊಂಡಿತು. ನಾಟಕದವರು ಅದನ್ನು ಮನೆಮನೆಗೆ ಮುಟ್ಟಿಸಿದರು.

1906ರಲ್ಲಿ ಹುಟ್ಟಿದ ಎಷ್ಟೋ ಹೆಣ್ಣುಮಕ್ಕಳ ಹೆಸರನ್ನು ಅಪ್ಪಅಮ್ಮಂದಿರು ಹಿಂದಿನ ಅಥವಾ ಮುಂದಿನ ವರ್ಷಕ್ಕೆ ಬರೆಸಿದ್ದರು. ಜಾತಕ ತಿದ್ದುವ ಕಲೆ ನಮ್ಮದೊಂದೇ ಸ್ವತ್ತಲ್ಲ. 1966ರ ಹೊತ್ತಿಗೆ ತಿದ್ದುವ ಅಗತ್ಯವೇ ಉಳಿದಿರಲಿಲ್ಲ. ಗರ್ಭನಿರೋಧಕಗಳಿದ್ದವು, ಗರ್ಭಪಾತಕ್ಕೆ ಕಾನೂನಿನ ಅಡ್ಡಿಯೂ ಹೆಚ್ಚಿರಲಿಲ್ಲ. 1965ರಲ್ಲಿ ಹುಟ್ಟಿದ ಮಕ್ಕಳು ಸುಮಾರು 18.2 ಲಕ್ಷ, 1966ರಲ್ಲಿ 13.6 ಲಕ್ಷ. ಯುದ್ಧವಿಲ್ಲ, ಬರವಿಲ್ಲ, ಒಂದು ಮೂಢನಂಬಿಕೆಗೆ ಕಾಲು ಭಾಗ ಮಕ್ಕಳು ಕಡಿಮೆ! ಮರುವರ್ಷವೇ ಲೆಕ್ಕ 19.4 ಲಕ್ಷಕ್ಕೆ ಹಾರಿತು. ಹೆರಿಗೆ ಬೇಡವೆಂದವರಲ್ಲ ಇವರು, ಮುಂದಕ್ಕೆ ಹಾಕಿದವರು.

ಹಾಗಾಗಿ 1966ರ ಕುಸಿತ ನೋಡಲು ಭಯಂಕರ, ಪರಿಣಾಮದಲ್ಲಿ ನಿರಪಾಯಕಾರಿ. ನಿಜವಾದ ಪೆಟ್ಟು ಬಿದ್ದದ್ದು 1989ರಲ್ಲಿ. ಮಹಿಳೆಯೊಬ್ಬಳಿಗೆ ಸರಾಸರಿ ಎಷ್ಟು ಮಕ್ಕಳು ಎಂಬ ಅಂಕಿ 1966ರಲ್ಲಿ 1.58 ಆಗಿತ್ತು, 1989ರಲ್ಲಿ 1.57. ಯಾವ ಕುದುರೆಯೂ ಇಲ್ಲದ ವರ್ಷ ಕುದುರೆ ವರ್ಷಕ್ಕಿಂತ ಕೆಳಗೆ! 1990ರ ಜೂನ್‌ನಲ್ಲಿ ಇದು ಹೊರಬಿದ್ದಾಗ ಪತ್ರಿಕೆಗಳು ‘1.57ರ ಆಘಾತ’ ಎಂದು ಬರೆದವು.

ಆದರೆ ಆಘಾತ ಹದಿನೈದು ವರ್ಷ ತಡವಾಗಿ ಬಂದಿತ್ತು. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೆ ಈ ಅಂಕಿ 2.1ರ ಆಸುಪಾಸು ಇರಬೇಕು. ಜಪಾನಿನಲ್ಲಿ ಅದು 1974ರಲ್ಲೇ ಕೆಳಗಿಳಿದು ಮತ್ತೆ ಮೇಲೆ ಬರಲೇ ಇಲ್ಲ. ಆದರೂ ಜನಸಂಖ್ಯೆ 2008ರವರೆಗೆ ಏರುತ್ತಲೇ ಇತ್ತು, 12.8 ಕೋಟಿವರೆಗೆ. ಇದು ಹೇಗೆ?

ಅಡಕೆ ತೋಟ ಇರುವವರಿಗೆ ನಾನು ಹೇಳಬೇಕಾಗಿಯೇ ಇಲ್ಲ. ಹೊಸ ಸಸಿ ಇಡುವುದನ್ನು ಕಡಿಮೆ ಮಾಡಿದ ವರ್ಷ ತೋಟ ಏನೂ ಹೇಳುವುದಿಲ್ಲ. ಆರೇಳು ವರ್ಷದ ಹಿಂದೆ ಇಟ್ಟ ಸಸಿಗಳು ಆಗಷ್ಟೇ ಫಸಲಿಗೆ ಬರುತ್ತಿರುತ್ತವೆ, ಹಳೆಯ ಮರಗಳು ಇನ್ನೂ ಬಿದ್ದಿರುವುದಿಲ್ಲ. ಮರ ಎಣಿಸಿದರೆ ಮೊದಲಿಗಿಂತ ಜಾಸ್ತಿಯೇ. ಹಲವು ವರ್ಷ ಕಳೆದ ಮೇಲೆ ಒಂದು ಮಳೆಗಾಲದ ಗಾಳಿಗೆ ಮುದಿಮರಗಳು ಸಾಲಾಗಿ ಉರುಳತೊಡಗುತ್ತವೆ. ಆಗ ಎಚ್ಚೆತ್ತು ಬೀಜಕ್ಕೆಂದು ಗೊನೆ ಇಳಿಸಲು ಹೊರಟರೆ ನಡುವಯಸ್ಸಿನ ತಾಯಿಮರಗಳೇ ಕಡಿಮೆ.

ಜಪಾನಿನ ತೋಟದಲ್ಲಿ ಎರಡು ದಟ್ಟ ಸಾಲುಗಳಿದ್ದವು. ಯುದ್ಧ ಮುಗಿದ ಮೇಲೆ 1947ರಿಂದ 49ರವರೆಗೆ ವರ್ಷಕ್ಕೆ ಸುಮಾರು 27 ಲಕ್ಷ ಮಕ್ಕಳು ಹುಟ್ಟಿದರು. ಅವರ ಮಕ್ಕಳು 1970ರ ದಶಕದ ಮೊದಲ ವರ್ಷಗಳಲ್ಲಿ, ವರ್ಷಕ್ಕೆ ಸುಮಾರು 20 ಲಕ್ಷ. 2000ದ ಸುಮಾರಿಗೆ ಮೂರನೇ ಸಾಲು ಬರಬೇಕಿತ್ತು, ಬರಲಿಲ್ಲ. ಆ ಎರಡನೇ ಸಾಲಿನವರು ಓದು ಮುಗಿಸಿ ಬರುವಾಗ ಆರ್ಥಿಕತೆಯ ಗುಳ್ಳೆ ಒಡೆದು ಕಾಯಂ ನೌಕರಿಯೇ ಇರಲಿಲ್ಲ. ನೌಕರಿಯಿಲ್ಲದೆ ಮದುವೆಯಿಲ್ಲ, ಜಪಾನಿನಲ್ಲಿ ಮದುವೆಯಿಲ್ಲದೆ ಹುಟ್ಟುವ ಮಕ್ಕಳು ನೂರಕ್ಕೆ ಎರಡು ಮಾತ್ರ. 1966ರವರು ಮುಂದೂಡಿದ್ದು ಒಂದು ವರ್ಷ. ಇವರು ಮುಂದೂಡುತ್ತಲೇ ಹೋದರು.

ತಾಯಿಮರದ ಲೆಕ್ಕ ಎಷ್ಟು ನಿರ್ದಯ ನೋಡಿ. 2005ರಲ್ಲಿ 1.26 ಇದ್ದ ಅಂಕಿ 2015ಕ್ಕೆ 1.45ಕ್ಕೆ ಏರಿತು. ಸರ್ಕಾರ ಬೆನ್ನು ತಟ್ಟಿಕೊಂಡಿರಬೇಕು. ಆದರೆ ಹುಟ್ಟಿದ ಮಕ್ಕಳು 10.6 ಲಕ್ಷದಿಂದ 10.1 ಲಕ್ಷಕ್ಕೆ ಇಳಿದಿದ್ದರು. ತಾಯಂದಿರಾಗುವ ವಯಸ್ಸಿನವರೇ ಕಡಿಮೆಯಾಗಿದ್ದರು. 2024ರಲ್ಲಿ ಅಂಕಿಯೂ 1.15ಕ್ಕೆ ಕುಸಿಯಿತು. ಆ ವರ್ಷ ಹುಟ್ಟಿದವರು 6.86 ಲಕ್ಷ, ಸತ್ತವರು 16 ಲಕ್ಷ.

ಅಂದಹಾಗೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಅಂಕಿ 1.7. ನಮ್ಮ ತೋಟದಲ್ಲಿ ಇನ್ನೂ ಮರಗಳು ಹೆಚ್ಚುತ್ತಿವೆ.

ಓದುಗರ ಪ್ರಶ್ನೆಗೆ ಬರೋಣ. ಈ ವರ್ಷ ಜಪಾನಿನ ಜನನ ಇನ್ನಷ್ಟು ಇಳಿದರೆ ಕುದುರೆಯ ಚಿತ್ರ ಹಾಕಿದ ಸುದ್ದಿಗಳು ಬಂದೇ ಬರುತ್ತವೆ. ನಾನಂತೂ ನಂಬಲಾರೆ. ಅಲ್ಲೀಗ ಚೊಚ್ಚಲ ಹೆರಿಗೆಯ ಸರಾಸರಿ ವಯಸ್ಸೇ 31. ಆ ವಯಸ್ಸಿನಲ್ಲಿ ಕುದುರೆಗೆ ಹೆದರಿ ಒಂದು ವರ್ಷ ಬಿಟ್ಟುಕೊಡುವವರು ಎಷ್ಟು ಜನ?

1966ರ ಆ ಅಪಶಕುನದ ಹೆಣ್ಣುಮಕ್ಕಳಿಗೆ ಈ ವರ್ಷ ಅರವತ್ತು. ನಮ್ಮ ಷಷ್ಟ್ಯಬ್ದಿಯಂತೆ ಅಲ್ಲಿಯೂ ‘ಕಾನ್‌ರೆಕಿ’ ಎಂಬ ಆಚರಣೆಯಿದೆ. ಅರವತ್ತಾದವರಿಗೆ ಕೆಂಪು ಅಂಗಿ ತೊಡಿಸುತ್ತಾರೆ. ಅವರಲ್ಲೊಬ್ಬರು ರಾಜಮನೆತನದ ಸೊಸೆ ಕಿಕೊ, ಹುಟ್ಟಿದ್ದು 1966ರ ಸೆಪ್ಟೆಂಬರ್ 11. ಮದುವೆಯಾದದ್ದು 1990ರ ಜೂನ್‌ನಲ್ಲಿ, ಅದೇ 1.57ರ ಸುದ್ದಿ ಬಂದ ತಿಂಗಳು. ನಲವತ್ತು ವರ್ಷದಿಂದ ಗಂಡುಮಗು ಹುಟ್ಟದಿದ್ದ ಅರಮನೆಯಲ್ಲಿ 2006ರಲ್ಲಿ ಗಂಡು ಹೆತ್ತವರು ಈಕೆಯೇ. ಗಂಡ ಈಗ ಯುವರಾಜ, ಆರಾಮವಾಗಿದ್ದಾರೆ.