ಇಂಪ್ಲಾಂಟ್ ಒಳಗೇ ಒಡೆದರೆ ಗೊತ್ತಾಗುತ್ತದೆಯೇ?

ಪ್ರಶ್ನೆ: ಸ್ತನ ಕ್ಯಾನ್ಸರ್ ಆಪರೇಷನ್ ನಂತರ ಅಕ್ಕನಿಗೆ ಸಿಲಿಕೋನ್ ಇಂಪ್ಲಾಂಟ್ ಹಾಕಿದ್ದಾರೆ. ಅದು ಒಡೆದರೆ ತಿಳಿಯುತ್ತದೆಯೇ?
– ಓದುಗರು, ಬ್ಯಾಡಗಿ

ಉತ್ತರ: ಎಷ್ಟೋ ಸಲ ತಿಳಿಯುವುದಿಲ್ಲ. ಹೊದಿಕೆ ಹರಿದರೂ ಮಂದವಾದ ಜೆಲ್ ಸುತ್ತಲಿನ ಅಂಗಾಂಶದ ಚೀಲದಲ್ಲೇ ಉಳಿಯಬಹುದು, ನೋವೂ ಇರಲಿಕ್ಕಿಲ್ಲ. ಅದಕ್ಕೇ ಹಾಕಿಸಿದ 5–6 ವರ್ಷಕ್ಕೆ, ಆಮೇಲೆ 2–3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ ಎನ್ನುತ್ತದೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ. ಸ್ತನ ಗಟ್ಟಿಯಾದರೆ, ಆಕಾರ ಕೆಟ್ಟರೆ, ಗಂಟು ಸಿಕ್ಕರೆ ಕಾಯಬೇಡಿ. ವರ್ಷಗಳ ನಂತರ ಊದಿಕೊಂಡರೆ ಇಂಪ್ಲಾಂಟ್ ಸುತ್ತ ತುಂಬಿದ ನೀರು ತೆಗೆದು ಪರೀಕ್ಷಿಸಬೇಕು. ಏಕೆಂದರೆ ಒರಟು ಮೈಯ ಇಂಪ್ಲಾಂಟ್ ಸುತ್ತ ಅಪರೂಪಕ್ಕೆ ಲಿಂಫೋಮಾ ಎಂಬ ಕ್ಯಾನ್ಸರ್ ಬರುವುದುಂಟು. ಇದೇ ಕಾರಣಕ್ಕೆ ಅಲರ್ಗನ್ ಕಂಪನಿ 2019ರಲ್ಲಿ ತನ್ನ ಒರಟು ಮೈಯ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನೆಲ್ಲೆಡೆ ಹಿಂಪಡೆಯಿತು. ಒಡೆದದ್ದನ್ನು ಆಪರೇಷನ್ ಮಾಡಿ ತೆಗೆದು, ಬೇಕೆಂದರೆ ಹೊಸದು ಹಾಕುತ್ತಾರೆ. ಹಾವೇರಿ, ರಾಣೆಬೆನ್ನೂರು, ಹುಬ್ಬಳ್ಳಿ ಎಲ್ಲಿಗೇ ಹೋದರೂ ಅಕ್ಕನವರ ಇಂಪ್ಲಾಂಟ್ ವಿವರವಿರುವ ಕಾರ್ಡ್ ಜೊತೆಗಿರಲಿ.