ಪದವಿನ ಮೇಲಿನ ನೀರು: ಶಕ್ತಿನಗರದಿಂದ ಪಿಲಿಕುಳದ ಕೆರೆಗೆ

ಮಂಗಳೂರಿನ ಶಕ್ತಿನಗರ ಕೂತಿರುವುದು ಪದವಿನ, ಅಂದರೆ ಮುರಕಲ್ಲಿನ ಎತ್ತರದ ಬಯಲಿನ, ನೆತ್ತಿಯಲ್ಲಿ. ಬಿಕರ್ನಕಟ್ಟೆ ಕೈಕಂಬದ ಕಡೆಯಿಂದ ಸಿಟಿ ಬಸ್ಸಿನಲ್ಲಿ ಬರುವವರಿಗೆ ಈ ಏರು ಅರಿವಿಗೇ ಬರುವುದಿಲ್ಲ. ಸೈಕಲ್ ತುಳಿದು ಬಂದವರಿಗೆ ಮಾತ್ರ ತೊಡೆಯಲ್ಲೇ ಲೆಕ್ಕ ಸಿಗುತ್ತದೆ. ನಾಲ್ಯಪದವು, ಪದವಿನಂಗಡಿ ಎಂದು ಸುತ್ತಲಿನ ಜಾಗಗಳು ಪದವನ್ನು ಹೆಸರಿನಲ್ಲೇ ಹೊತ್ತುಕೊಂಡಿವೆ. ಈಗ ಇಲ್ಲಿ ವಿಶ್ವ ಕೊಂಕಣಿ ಕೇಂದ್ರವಿದೆ, 2008ರಲ್ಲಿ ಸತತ 40 ಗಂಟೆ ಕೊಂಕಣಿ ಹಾಡು ಹಾಡಿ ಗಿನ್ನೆಸ್ ದಾಖಲೆ ಬರೆದ ಕಲಾಂಗಣವಿದೆ, ಶಾಲೆಗಳಿವೆ, ವರ್ಷವರ್ಷ ಏಳುವ ಫ್ಲ್ಯಾಟುಗಳಿವೆ. ಆದರೂ ಎರಡು ಮನೆಗಳ ನಡುವೆ ಕಟ್ಟದೆ ಬಿಟ್ಟ ಜಾಗದಲ್ಲಿ ಹಳೆಯ ಪಾರೆ ಇನ್ನೂ ಕಣ್ಣಿಗೆ ಬೀಳುತ್ತದೆ. ಮಳೆ ತಿಂದು ಕಪ್ಪಾದ ಮುರಕಲ್ಲು, ತಗ್ಗುಗಳಲ್ಲಿ ಹುಲ್ಲು, ಅಂಚಿನಲ್ಲಿ ಕೇಪುಳ, ನೆಕ್ಕರೆ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಇಷ್ಟು ನೀರು ಎಲ್ಲಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಾರೆ ನೋಡಬೇಕಾದರೆ ತುಳುವರ ಆಟಿ, ಸೋಣ ಕಳೆದು ನಿರ್ನಾಲ, ಬೊಂತೆಲ್ ತಿಂಗಳು ಬರಬೇಕು. ಆಕಾಶ ತೊಳೆದಿಟ್ಟಂತಿರುತ್ತದೆ, ಹಸಿರು ಮಾಸಿರುವುದಿಲ್ಲ, ದಾರಿಯ ಕೆಸರು ಆರಿರುತ್ತದೆ. ಕರಾವಳಿಯಲ್ಲಿ ನಡೆಯಲು, ಸೈಕಲ್ ತುಳಿಯಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಶಕ್ತಿನಗರದವರು ಒಂದು ರಜೆಯ ಬೆಳಗ್ಗೆ ಹೊರಟರೆ ಏಳೆಂಟು ಕಿಲೋಮೀಟರಿನೊಳಗೆ ಗುಡ್ಡೆಯ ಮೇಲಿನ ಕೆರೆಯೊಂದರ ದಡದಲ್ಲಿರಬಹುದು. ನನ್ನ ಮಟ್ಟಿಗೆ ಆ ದಾರಿಯೇ ಅರ್ಧ ಪ್ರವಾಸ.

ಹೊರಡುವ ಮೊದಲು ಕಲ್ಲನ್ನೊಮ್ಮೆ ಹತ್ತಿರದಿಂದ ನೋಡಿ. ಮನೆ ಕಟ್ಟಲು ಗುಡ್ಡೆ ಅಗೆದ ಕಡೆ ಆಳೆತ್ತರದ ಗೋಡೆ ನಿಂತಿರುತ್ತದೆ. ಮೇಲುಗಡೆ ಮುರಕಲ್ಲು, ಕಾವಲಿಯಿಂದ ಆಗಷ್ಟೇ ಎಬ್ಬಿಸಿದ ನೀರುದೋಸೆಯ ಹಾಗೆ ಮೈಯೆಲ್ಲ ತೂತು. ಕೆಳಗೆ ಹೋದಂತೆ ಕೆಂಪು ಬಣ್ಣ ತಿಳಿಯಾಗಿ ಹಳದಿ, ಗುಲಾಬಿ, ಬಿಳಿ ಗೆರೆಗಳ ಮೆತ್ತನೆಯ ಶೇಡಿಮಣ್ಣು. ಮಳೆನೀರು ಮೇಲಿನ ತೂತುಗಳಲ್ಲಿ ಸಲೀಸಾಗಿ ಇಳಿಯುತ್ತದೆ, ಶೇಡಿಯಲ್ಲಿ ಇಳಿಯದೆ ಅಡ್ಡಕ್ಕೆ ಹರಿಯುತ್ತದೆ. ಎರಡೂ ಕೂಡುವ ಗೆರೆಗೆ ಬೆರಳಿಟ್ಟರೆ ಮಳೆ ನಿಂತು ವಾರಗಳಾದರೂ ತಣ್ಣಗೆ ಒದ್ದೆ. ಹನಿ ಕಟ್ಟುತ್ತದೆ, ಬೀಳುತ್ತದೆ, ಮತ್ತೆ ಕಟ್ಟುತ್ತದೆ. ನಮ್ಮೂರ ಬಾವಿ, ಒರತೆ, ತೋಡುಗಳ ಗುಟ್ಟೆಲ್ಲ ಇರುವುದು ಆ ಗೆರೆಯಲ್ಲಿ.

1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಮುರಕಲ್ಲಿನ ಸ್ವಭಾವ ಕಂಡು ಬೆರಗಾಗಿದ್ದ. ನೆಲದೊಳಗಿರುವಾಗ ಕೊಡಲಿಗೆ ಬಗ್ಗುವಷ್ಟು ಮೆದು, ಗಾಳಿಗೆ ಬಂದರೆ ಗಟ್ಟಿ. 1807ರಲ್ಲಿ ಅಚ್ಚಾದ ಅವನ ಪುಸ್ತಕದಿಂದಲೇ ‘ಲ್ಯಾಟರೈಟ್’ ಎಂಬ ಹೆಸರು ಭೂವಿಜ್ಞಾನಕ್ಕೆ ಬಂತು. ಅವನು ಬರುವುದಕ್ಕೆ ಎಷ್ಟೋ ಮುಂಚಿನಿಂದಲೂ ಇಲ್ಲಿನವರು ಅದೇ ಕಲ್ಲು ಕಡಿದು ಮನೆ, ದೇವಸ್ಥಾನ, ಬಾವಿಕಟ್ಟೆ ಕಟ್ಟಿಕೊಂಡಿದ್ದರು.

ಶಕ್ತಿನಗರದಿಂದ ಇಳಿದರೆ ಕುಲಶೇಖರ. ಹೋಲಿ ಕ್ರಾಸ್ ಚರ್ಚ್ ಇರುವ ಕೊರ್ಡೆಲ್ ಇಲ್ಲೇ. ಕುಲಶೇಖರದ ಆಚೆ ಪಡೀಲಿನ ಕಡೆಗೆ ಹೋಗುವ ರೈಲುಹಳಿಯ ಮೇಲೆ 2019ರ ಆಗಸ್ಟಿನಲ್ಲಿ ಗುಡ್ಡೆ ಜರಿದು, ಕೊಂಕಣ ಮಾರ್ಗದ ರೈಲುಗಳು ದಿನಗಟ್ಟಲೆ ನಿಂತದ್ದು ಊರಿನವರಿಗೆ ಮರೆತಿಲ್ಲ. ಅದೇ ತಿಂಗಳು ಪಚ್ಚನಾಡಿಯ ಕಸದ ರಾಶಿ ಮಳೆಗೆ ಜಾರಿ, ಕೆಳಗಿನ ಮಂದಾರದ ಮನೆ, ತೋಟಗಳ ಮೇಲೆ ಬಿತ್ತು. ಪದವು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಿಡಿದ ನೀರಿಗೆ ತೂಕವಿದೆ. ಬುಡ ಕಡಿದರೆ, ಮೇಲೆ ಹೊರೆ ಹೇರಿದರೆ ಆ ತೂಕ ಎಲ್ಲಾದರೂ ದಾರಿ ಮಾಡಿಕೊಂಡೇ ಹೊರಬರುತ್ತದೆ.

ಕುಲಶೇಖರದಿಂದ ಮುಂದೆ ಮೂಡುಬಿದಿರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169. ಇದನ್ನು ಚತುಷ್ಪಥ ಮಾಡುವ ಕೆಲಸದಲ್ಲಿ ಗುಡ್ಡೆಗಳ ಮೈ ಬಗೆದಿದ್ದಾರೆ. ಸೈಕಲಿಗರು ಲಾರಿಗಳಿಗೆ ದಾರಿ ಬಿಟ್ಟು ಎಡಬದಿ ಹಿಡಿದೇ ಹೋಗಬೇಕು. ಬೆಳಗ್ಗೆ ಏಳರೊಳಗೆ ಈ ತುಂಡು ದಾಟಿದರೆ ಕ್ಷೇಮ. ಕುಡುಪುವಿನಲ್ಲಿ ಅನಂತಪದ್ಮನಾಭ ದೇವಸ್ಥಾನ. ನಾಗನ ಕಲ್ಲುಗಳು ಸಾಲುಸಾಲಾಗಿ ಕೂತಿರುವ ಈ ಕ್ಷೇತ್ರದಲ್ಲಿ ಷಷ್ಠಿಯ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ, ನಿರ್ನಾಲದ ಸಾಮಾನ್ಯ ಬೆಳಗ್ಗೆ ಶಾಂತವಾಗಿರುತ್ತದೆ. ನಾಗಬನಗಳ ಬಗ್ಗೆ ನನಗೆ ಯಾವತ್ತೂ ಗೌರವ. ಕತ್ತಿ ತಾಗದ ಆ ಮರಬಳ್ಳಿಗಳ ಬುಡದಲ್ಲಿ ನೆಲ ಬೇಸಿಗೆಯಲ್ಲೂ ತಂಪಾಗಿರುತ್ತದೆ, ಅಲ್ಲಿ ಇಳಿದ ಮಳೆ ಇಳಿದದ್ದೇ.

ಮುಂದೆ ವಾಮಂಜೂರು. ಚಾ ಕುಡಿಯಲು ಇದು ಸರಿಯಾದ ಜಾಗ. ಬಿಸಿ ಬನ್ಸ್ ಸಿಕ್ಕಿದರೆ ಬಿಡಬೇಡಿ. ಪೇಟೆಯಿಂದಾಚೆ ಹೆದ್ದಾರಿ ಇಳಿಯುವ ಕೆತ್ತಿಕಲ್ಲಿನಲ್ಲಿ 2024ರ ಮಳೆಗಾಲ ಗುಡ್ಡೆಯ ಮಣ್ಣು ಜರಿದು ಸುದ್ದಿಯಾಯಿತು. ನಾವು ಅತ್ತ ಹೋಗುವುದು ಬೇಡ. ಮೂಡುಶೆಡ್ಡೆಯ ರಸ್ತೆಗೆ ತಿರುಗಿದರೆ ಲಾರಿಗಳ ಸದ್ದು ಹಿಂದೆ ಉಳಿಯುತ್ತದೆ, ಪಿಲಿಕುಳ ನಿಸರ್ಗಧಾಮದ ಆವರಣ ಶುರುವಾಗುತ್ತದೆ.

ಡಾ. ಶಿವರಾಮ ಕಾರಂತರ ಹೆಸರು ಹೊತ್ತ ಈ ನಿಸರ್ಗಧಾಮ 350 ಎಕರೆಗೂ ಹೆಚ್ಚು ವಿಸ್ತಾರದ್ದು. ಹೆಚ್ಚಿನವರು ಬರುವುದು ಮೃಗಾಲಯದ ಹುಲಿ, ಕಾಳಿಂಗಗಳನ್ನು ನೋಡಲು, ಇಲ್ಲವೇ 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯಕ್ಕೆ. ಗುತ್ತುಮನೆ, ಕುಶಲಕರ್ಮಿಗಳ ಗ್ರಾಮ, ವಿಜ್ಞಾನ ಕೇಂದ್ರ ಎಲ್ಲವೂ ಇವೆ, ಮಕ್ಕಳಿದ್ದರೆ ಇಡೀ ದಿನ ಸಾಲದು. ಸೋಮವಾರ ರಜೆ ಎಂಬುದು ನೆನಪಿರಲಿ. ಇವಿಷ್ಟನ್ನೂ ಇನ್ನೊಂದು ದಿನಕ್ಕೆ ಬಿಟ್ಟು, ಸೈಕಲನ್ನು ವಾಹನ ನಿಲ್ಲಿಸುವಲ್ಲಿ ಇಟ್ಟು, ನೇರ ಕೆರೆಗೆ ನಡೆಯಿರಿ ಎಂಬುದು ನನ್ನ ಆಗ್ರಹ.

ಹಿಂದೆ ಹುಲಿಗಳು (ತುಳುವಿನಲ್ಲಿ ‘ಪಿಲಿ’) ನೀರು ಕುಡಿಯಲು ಬರುತ್ತಿದ್ದ ಕೊಳ ಇದೆಂದು ಊರವರು ಹೇಳುತ್ತಾರೆ. ಗುಡ್ಡೆಗಳ ನಡುವಿನ ತಗ್ಗಿನಲ್ಲಿ, ದಡದ ಮರಗಳ ನೆರಳಿನಲ್ಲಿ ನೀರು ಹಸಿರಾಗಿ ನಿಂತಿದೆ. ದೋಣಿ ಬಿಡುವ ಹೊತ್ತು ಇನ್ನೂ ಆಗಿರುವುದಿಲ್ಲ. ನೀರುಕಾಗೆಯೊಂದು ಕೊರಡಿನ ಮೇಲೆ ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸುತ್ತಿರುತ್ತದೆ, ಮಿಂಚುಳ್ಳಿ ದಡದಿಂದ ದಡಕ್ಕೆ ನೀಲಿಯಾಗಿ ಹಾರುತ್ತದೆ. ದಡದಲ್ಲಿ ನಿಧಾನ ನಡೆಯಿರಿ, ತೇವವಿರುವ ಕಡೆ ಕೂತುಬಿಡಿ. ಪದವಿನ ಜವುಗಿನಲ್ಲಿ ಈ ಕಾಲದಲ್ಲಿ ಅರಳುವ ಯುಟ್ರಿಕ್ಯುಲೇರಿಯ ಕಣ್ಣಿಗೆ ಬಿದ್ದರೆ ಅದೃಷ್ಟ. ಕಡ್ಡಿಯಷ್ಟು ತೆಳು ದಂಟು, ತುದಿಯಲ್ಲಿ ನೇರಳೆ ಬಣ್ಣದ ಹೂವು, ನೋಡಲು ಸಾಧು. ಒದ್ದೆ ಮಣ್ಣಿನೊಳಗಿನ ಅದರ ಎಳೆಗಳಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿವೆ. ನೀರಿನ ಸೂಕ್ಷ್ಮಜೀವಿ ಚೀಲದ ಬಾಯಿಗೆ ತಾಗಿದರೆ ಸರಕ್ಕನೆ ಒಳಕ್ಕೆಳೆದು ಜೀರ್ಣಿಸಿಕೊಳ್ಳುತ್ತದೆ. ಮುರಕಲ್ಲಿನ ಬಡ ನೆಲದಲ್ಲಿ ಸಾರಜನಕ ಕಡಿಮೆ, ಬದುಕಲು ಗಿಡ ಕಂಡುಕೊಂಡ ದಾರಿ ಅದು. ನೀರು ಆರಿದರೆ ಹೂವೂ ಇಲ್ಲ, ಡಿಸೆಂಬರಿನಲ್ಲಿ ಬಂದು ಹುಡುಕಿದರೆ ಒಣ ಹುಲ್ಲು ಮಾತ್ರ.

ಕೆರೆಯಿಂದ ಕೆಳಗೆ, ಫಲ್ಗುಣಿ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ತೋಟದ ಬೇಲಿ ಸರಿಮಾಡುತ್ತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕಿದರು. “ನಿಮ್ಮ ಬಾವಿಯಲ್ಲಿ ಬೇಸಿಗೆಗೆ ನೀರುಂಟಾ ಅಜ್ಜ?” ಎಂದೆ.

“ಉಂಟು ಮಾರಾಯ್ರೆ, ಮೇಲೆ ಗುಡ್ಡೆ ಉಂಟಲ್ಲ. ಗುಡ್ಡೆ ಇರುವವರೆಗೆ ಉಂಟು” ಎಂದು ಹೇಳಿ ಮತ್ತೆ ಕತ್ತಿ ಎತ್ತಿಕೊಂಡರು.

ಹೇಳಬೇಕಾದ್ದನ್ನೆಲ್ಲ ಅವರು ಹೇಳಿ ಮುಗಿಸಿದ್ದರು. ದಕ್ಷಿಣ ಕನ್ನಡ, ಕಾಸರಗೋಡಿನ ಹಿರಿಯರು ಗುಡ್ಡೆಯ ಮೇಲಿನ ತಗ್ಗುಗಳಿಗೆ ಮಣ್ಣಿನ ದಂಡೆ ಕಟ್ಟಿ ‘ಮದಕ’ ಮಾಡುತ್ತಿದ್ದರು. ನೀರನ್ನು ನೇರ ತೋಟಕ್ಕೆ ಹರಿಸುವುದಕ್ಕಿಂತ ನೆಲಕ್ಕೆ ಇಂಗಿಸುವುದೇ ಅದರ ಮುಖ್ಯ ಉಪಯೋಗ. ಮೇಲೆ ಮದಕ ತುಂಬಿದರೆ ಕೆಳಗಿನ ಬಾವಿ, ನೀರಿನ ಸುರಂಗ, ತೋಡಿನ ಕಟ್ಟಗಳು ತಿಂಗಳುಗಟ್ಟಲೆ ಜೀವಂತ. ಪತ್ರಕರ್ತ ಶ್ರೀ ಪಡ್ರೆಯವರು ದಶಕಗಳಿಂದ ಈ ಮದಕಗಳ ಬಗ್ಗೆ ಬರೆದು, ಹೂತುಹೋದವುಗಳ ಹೂಳೆತ್ತಲು ಜನರನ್ನು ಹುರಿದುಂಬಿಸಿದ್ದಾರೆ. ಪಿಲಿಕುಳದ ಕೆರೆಯನ್ನು ನಾನು ದೋಣಿವಿಹಾರದ ತಾಣವಾಗಿ ನೋಡಲಾರೆ. ಅದು ಗುಡ್ಡೆಯ ನೀರಿನ ಖಾತೆ, ಕೆಳಗಿನ ಎಷ್ಟೋ ಬಾವಿಗಳು ಇಂಥ ಖಾತೆಗಳನ್ನೇ ನಂಬಿವೆ. ಹಾಗಾಗಿ ಕೆರೆಯಷ್ಟೇ ಉಳಿದರೆ ಸಾಲದು, ಅದಕ್ಕೆ ನೀರು ಕೊಡುವ ಸುತ್ತಲಿನ ಪದವೂ ಕಾಂಕ್ರೀಟಿನಡಿ ಹೋಗಬಾರದು. ಶಕ್ತಿನಗರದಲ್ಲಿ ಹೊಸ ಮನೆ ಕಟ್ಟುವವರು ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುವ ಮುನ್ನ ಒಂದು ಇಂಗುಗುಂಡಿಗೆ ಜಾಗ ಬಿಟ್ಟರೆ ಕುಡುಪುವಿನ ಕಡೆಯ ಯಾರದೋ ಬಾವಿ ತಣ್ಣಗಿರುತ್ತದೆ.

ಇನ್ನೊಂದು ದಿನವಿದ್ದರೆ, ಬೈಕಿದ್ದರೆ, ಕಾರಿಂಜ ಬೆಟ್ಟಕ್ಕೆ ಹೋಗಿ. ಬಿ.ಸಿ. ರೋಡ್ ದಾಟಿ ಬೆಳ್ತಂಗಡಿಯ ದಾರಿ ಹಿಡಿದರೆ ವಗ್ಗ, ಅಲ್ಲಿಂದ ಒಳಕ್ಕೆ. ಮುರಕಲ್ಲಿನ ನಾಡಿನಿಂದ ಕರಿಕಲ್ಲಿನ ನಾಡಿಗೆ ಬಂದಿರುವುದು ನೋಡುತ್ತಿದ್ದಂತೆ ತಿಳಿಯುತ್ತದೆ. ಇಲ್ಲಿನ ಬಂಡೆಯಲ್ಲಿ ಮುರಕಲ್ಲಿನ ಹಾಗೆ ತೂತುಗಳಿಲ್ಲ. ಕಾರಿಂಜದಲ್ಲಿ ನೀರು ಬಂಡೆಯ ಬೊಗಸೆಗಳಲ್ಲಿ ನಿಲ್ಲುತ್ತದೆ. ಭೀಮ ಗದೆ ಎಸೆದಲ್ಲಿ ಗದಾತೀರ್ಥ, ಮೊಣಕಾಲೂರಿದಲ್ಲಿ ಜಾನುತೀರ್ಥ, ಹೆಬ್ಬೆರಳು ಊರಿದಲ್ಲಿ ಅಂಗುಷ್ಠತೀರ್ಥ ಎಂದು ಸ್ಥಳಪುರಾಣ. ಆಟಿ ಅಮಾವಾಸ್ಯೆಗೆ ತೀರ್ಥಸ್ನಾನಕ್ಕೆ ಜನ ನೆರೆಯುತ್ತಾರೆ. ಮೆಟ್ಟಿಲು ಹತ್ತುತ್ತಾ ನಡುವೆ ಪಾರ್ವತಿಯ ಗುಡಿ, ತುದಿಯಲ್ಲಿ ಈಶ್ವರ. ಮಂಗಗಳಿಗೆ ಇಲ್ಲಿ ದಿನವೂ ನೈವೇದ್ಯದ ಪಾಲಿದೆ, ಆದರೂ ನಿಮ್ಮ ಕೈಯ ಚೀಲದ ಮೇಲೆ ಅವುಗಳ ಕಣ್ಣಿರುತ್ತದೆ. ಸುತ್ತಲಿನ ಕಲ್ಲಿನ ಗಣಿಗಾರಿಕೆ ಬೆಟ್ಟಕ್ಕೆ ಅಪಾಯವೆಂದು 2021ರಲ್ಲಿ ಜನ ಬೀದಿಗಿಳಿದಿದ್ದರು. ಮೇಲೆ ನಿಂತು ಸುತ್ತ ನೋಡಿದರೆ ಅವರ ಆತಂಕ ಸುಲಭವಾಗಿ ಅರ್ಥವಾಗುತ್ತದೆ.

ತುದಿಯಲ್ಲಿ ಹೆಚ್ಚು ಹೊತ್ತು ಕೂರಬೇಡಿ. ಅಕ್ಟೋಬರ್, ನವೆಂಬರಿನ ಮಧ್ಯಾಹ್ನ ಘಟ್ಟದ ಕಡೆಯಿಂದ ಕಪ್ಪು ಮೋಡ ಏಳುವುದು ವಾಡಿಕೆ, ಗುಡುಗು ಕೇಳುವಷ್ಟರಲ್ಲಿ ಮಿಂಚು ಹತ್ತಿರವಿರುತ್ತದೆ. ಬೋಳು ಬಂಡೆಯ ಮೇಲೆ ಸಿಡಿಲಿಗೆ ಸಿಗುವುದು ಅಪಾಯ, ಒದ್ದೆಯಾದ ಮೆಟ್ಟಿಲು ಜಾರುತ್ತದೆ. ಬೆಳಗ್ಗೆ ಬೇಗ ಹತ್ತಿ, ಊಟದ ಹೊತ್ತಿಗೆ ಕೆಳಗಿಳಿದು ವಗ್ಗ ದಾಟಿರುವುದು ಒಳ್ಳೆಯದು.