ಸ್ಮರಣಾರ್ಥ ಅಂಚೆಚೀಟಿಗಳು: ಸಂಗ್ರಹ, ವಿಷಯ ಮತ್ತು ಮೌಲ್ಯ

ವ್ಯಾಪಾರಸ್ಥ ಕುಟುಂಬಗಳ ತಿಜೋರಿಯಲ್ಲಿ ಚಿನ್ನ, ಠೇವಣಿ ರಸೀದಿ ಮತ್ತು ಆಸ್ತಿ ಪತ್ರಗಳೊಡನೆ ಹಳೆಯದೊಂದು ಅಂಚೆಚೀಟಿಗಳ ಆಲ್ಬಮ್ ದೊರೆಯುವುದು ಅಪರೂಪವೇನಲ್ಲ. ಅದನ್ನು ಏನು ಮಾಡಬೇಕೆಂಬ ಪ್ರಶ್ನೆ ಮಾತ್ರ ಯಜಮಾನರು ತೀರಿಕೊಂಡ ಮೇಲೆಯೇ ಏಳುತ್ತದೆ. ಆಗ ಮನೆಯಲ್ಲಿ ಎರಡು ಅಭಿಪ್ರಾಯಗಳಿರುತ್ತವೆ. ಅದು ರದ್ದಿ ಎನ್ನುವವರು ಕೆಲವರು, ಲಕ್ಷಾಂತರ ಬಾಳುತ್ತದೆ ಎನ್ನುವವರು ಕೆಲವರು. ನನ್ನ ಅನುಭವದಲ್ಲಿ ಇಬ್ಬರೂ ತಪ್ಪುವುದೇ ಹೆಚ್ಚು.

2016ರಲ್ಲಿ ನನ್ನ ಕಕ್ಷಿದಾರರಾದ ನೂಲಿನ ವ್ಯಾಪಾರಸ್ಥರ ಅವಿಭಕ್ತ ಕುಟುಂಬವೊಂದು ಪೂರ್ಣ ವಿಭಜನೆಗೆ ಮುಂದಾಯಿತು. ಮೂವರು ಸಹೋದರರು, ಒಬ್ಬ ಸಹೋದರಿ. ಮಳಿಗೆ, ಗೋದಾಮು, ಸಾಲ, ಬಾಕಿ ವಸೂಲಿ ಎಲ್ಲವೂ ಎರಡು ಕುಳಿತಕ್ಕೆ ಇತ್ಯರ್ಥವಾದವು. ಉಳಿದದ್ದು ತಂದೆಯವರ ಆಲ್ಬಮ್. ಪುಟಗಳನ್ನು ಸಮನಾಗಿ ಹಂಚಿಬಿಡೋಣ ಎಂದು ಹಿರಿಯರು ಸೂಚಿಸಿದರು. ಎರಡನೆಯವರು ಅದಕ್ಕೊಂದು ಬೆಲೆ ಕಟ್ಟಿಸಬೇಕೆಂದು ಪಟ್ಟು ಹಿಡಿದರು. ಬೆಲೆ ಕಟ್ಟಿಸುವ ಹೊಣೆ ನನ್ನ ಮೇಲೆ ಬಂದಿತು. ಈ ವಿಷಯದಲ್ಲಿ ನನ್ನ ತಿಳಿವಳಿಕೆ ಆಗ ಎಷ್ಟಿತ್ತು ಎಂಬುದಕ್ಕೆ ಒಂದು ಸಂಗತಿಯನ್ನು ಒಪ್ಪಿಕೊಳ್ಳಲೇಬೇಕು. ಕೆಲವು ವರ್ಷಗಳ ಹಿಂದೆ ಅದೇ ಮಳಿಗೆಯ ಅಟ್ಟದಲ್ಲಿ ತಂತಿಗೆ ಚುಚ್ಚಿಟ್ಟಿದ್ದ 1948ರಿಂದ 1960ರವರೆಗಿನ ವ್ಯವಹಾರ ಪತ್ರಗಳ ಕಂತೆಗಳು, ಲಕೋಟೆಗಳ ಸಮೇತ, ಇದ್ದವು. ದಾಖಲೆಗಳನ್ನು ಕಾಯ್ದಿರಿಸಬೇಕಾದ ಕಾನೂನುಬದ್ಧ ಅವಧಿ ಎಂದೋ ಮುಗಿದಿದೆ, ವಿಲೇವಾರಿ ಮಾಡಬಹುದು ಎಂದು ಸಲಹೆ ನೀಡಿದವನು ನಾನೇ. ಅವು ತೂಕದ ಲೆಕ್ಕದಲ್ಲಿ ಹೋದವು. ಕಾನೂನಿನ ದೃಷ್ಟಿಯಿಂದ ಆ ಸಲಹೆಯಲ್ಲಿ ದೋಷವಿರಲಿಲ್ಲ. ಆ ಕಂತೆಗಳಲ್ಲಿ ಏನಿತ್ತು ಎಂಬುದು ಮಾತ್ರ ಇನ್ನು ಯಾರಿಗೂ ತಿಳಿಯುವಂತಿಲ್ಲ.

ಮೊದಲಿಗೆ ಮೂಲ ವ್ಯತ್ಯಾಸವನ್ನು ತಿಳಿಯಬೇಕು. ಅಂಚೆಚೀಟಿಗಳಲ್ಲಿ ನಿತ್ಯಬಳಕೆಯವು ಒಂದು ವರ್ಗ, ಸ್ಮರಣಾರ್ಥ ಚೀಟಿಗಳು ಮತ್ತೊಂದು ವರ್ಗ. ನಿತ್ಯಬಳಕೆಯ ಚೀಟಿಗಳನ್ನು ಬೇಡಿಕೆ ಇರುವಷ್ಟು ಕಾಲ ಮತ್ತೆ ಮತ್ತೆ ಮುದ್ರಿಸಲಾಗುತ್ತದೆ. ಸ್ಮರಣಾರ್ಥ ಚೀಟಿಯನ್ನು ಒಬ್ಬ ವ್ಯಕ್ತಿಯ, ಸಂಸ್ಥೆಯ ಅಥವಾ ಘಟನೆಯ ನೆನಪಿಗಾಗಿ ಸಾಮಾನ್ಯವಾಗಿ ಒಮ್ಮೆ ಮಾತ್ರ ಮುದ್ರಿಸಿ, ದಾಸ್ತಾನು ಮುಗಿಯುವವರೆಗೆ ಮಾರಲಾಗುತ್ತದೆ. ಭಾರತದಲ್ಲಿ ಈ ಪರಂಪರೆ 1931ರಲ್ಲಿ ನವದೆಹಲಿಯ ಉದ್ಘಾಟನೆಯ ಸಂದರ್ಭದ ಚೀಟಿಗಳಿಂದ ಆರಂಭವಾಯಿತು. ಸ್ವತಂತ್ರ ಭಾರತದ ಮೊದಲ ಚೀಟಿ 1947ರ ನವೆಂಬರ್ 21ರಂದು ಹೊರಬಂದಿತು. ತ್ರಿವರ್ಣ ಧ್ವಜ ಮತ್ತು 'ಜೈ ಹಿಂದ್' ಘೋಷಣೆಯಿದ್ದ ಅದರ ಮುಖಬೆಲೆ ಮೂರೂವರೆ ಆಣೆ.

ಸೀಮಿತವಾಗಿ ಮುದ್ರಿಸಿದ್ದೆಲ್ಲ ದುಬಾರಿಯಾಗುತ್ತದೆ ಎಂಬ ಭ್ರಮೆ ಹುಟ್ಟುವುದು ಇಲ್ಲಿಯೇ. ಸೀಮಿತ ಎಂದರೂ ಒಂದೊಂದು ಚೀಟಿ ಲಕ್ಷಗಟ್ಟಲೆ ಮುದ್ರಣವಾಗುತ್ತದೆ, ಮತ್ತು ನಮ್ಮಂತೆಯೇ ಯೋಚಿಸಿದ ಸಾವಿರಾರು ಮಂದಿ ಅದನ್ನು ಜೋಪಾನ ಮಾಡಿಟ್ಟಿರುತ್ತಾರೆ. ಸ್ವತಃ ನಾನೂ ಅವರಲ್ಲೊಬ್ಬ. 1986ರಲ್ಲಿ, ವಿದ್ಯಾರ್ಥಿಯಾಗಿದ್ದಾಗ, ನೂರು ರೂಪಾಯಿಗೆ ಸ್ಮರಣಾರ್ಥ ಚೀಟಿಗಳ ಪೂರ್ಣ ಹಾಳೆಗಳನ್ನು ಕೊಂಡು ಪುಸ್ತಕದ ನಡುವೆ ಭದ್ರಪಡಿಸಿದ್ದೆ. ಮೂವತ್ತು ವರ್ಷಗಳ ತರುವಾಯ ಒಬ್ಬ ಚೀಟಿ ವ್ಯಾಪಾರಿಯ ಮುಂದಿಟ್ಟಾಗ ಆತ ಎಂಬತ್ತು ರೂಪಾಯಿ ಕೊಡಲು ಸಿದ್ಧನಾದ. ಅದೇ ನೂರು ರೂಪಾಯಿ ಶೇಕಡಾ 8ರ ಚಕ್ರಬಡ್ಡಿಯಲ್ಲಿ ಸುಮಾರು ಸಾವಿರವಾಗುತ್ತಿತ್ತು. ಲೆಕ್ಕಪರಿಶೋಧಕನ ಮನೆಯಲ್ಲೇ ಈ ಲೆಕ್ಕ!

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. 1948ರ ಆಗಸ್ಟ್ 15ರಂದು ಮಹಾತ್ಮ ಗಾಂಧೀಜಿಯವರ ಸ್ಮರಣೆಯಲ್ಲಿ ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ ಮತ್ತು ಹತ್ತು ರೂಪಾಯಿ ಬೆಲೆಯ ನಾಲ್ಕು ಚೀಟಿಗಳು ಸ್ವಿಟ್ಜರ್ಲೆಂಡಿನಲ್ಲಿ ಮುದ್ರಣಗೊಂಡು ಬಿಡುಗಡೆಯಾದವು. ಒಂದೂವರೆ ಆಣೆಯದು ದೇಶದ ಪ್ರತಿಯೊಂದು ಮಳಿಗೆಗೂ ಬಂದು ಹೋದ ಚೀಟಿ, ಇಂದಿಗೂ ಧಾರಾಳವಾಗಿ ದೊರೆಯುತ್ತದೆ. ಅಂದು ಹತ್ತು ರೂಪಾಯಿಯನ್ನು ಒಂದು ಚೀಟಿಗೆ ವ್ಯಯಿಸಿ ಎತ್ತಿಟ್ಟವರು ಎಷ್ಟು ಮಂದಿ ಇದ್ದಾರು? ಅದಕ್ಕೆ ಇಂದು ಬೇಡಿಕೆ ಇರುವುದರ ಕಾರಣ ಅಷ್ಟೇ ಸರಳ. ಅದೇ ಚೀಟಿಗಳಲ್ಲಿ ಗವರ್ನರ್ ಜನರಲ್ ಅವರ ಕಚೇರಿಯ ಬಳಕೆಗಾಗಿ 'ಸರ್ವಿಸ್' ಎಂಬ ಪದವನ್ನು ಮೇಲೆ ಅಚ್ಚೊತ್ತಿದ ಕೇವಲ ನೂರು ಪ್ರತಿಗಳು ಸಿದ್ಧವಾಗಿದ್ದವು. ಆ ಹತ್ತು ರೂಪಾಯಿ ಚೀಟಿಗಳಲ್ಲಿ ನಾಲ್ಕರ ಒಂದು ಪಟ್ಟಿ 2017ರಲ್ಲಿ ಬ್ರಿಟನ್ನಿನಲ್ಲಿ 5 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಪತ್ರಿಕೆಗಳಲ್ಲಿ ಈ ಸುದ್ದಿಯನ್ನು ಓದಿದವರು ತಮ್ಮ ಮನೆಯ ಒಂದೂವರೆ ಆಣೆ ಗಾಂಧಿಯನ್ನು ಹಿಡಿದು ಬರುತ್ತಾರೆ. ಒಂದೇ ಕಾರ್ಖಾನೆಯ ಸರಕು ಎಂಬ ಕಾರಣಕ್ಕೆ ಎಲ್ಲ ಸರಕಿಗೂ ಒಂದೇ ದರ ಕೇಳಿದಂತಾಯಿತು.

ಆಲ್ಬಮ್ಮಿನ ಮೌಲ್ಯಮಾಪನಕ್ಕಾಗಿ ಬೆಂಗಳೂರಿನಿಂದ ಹಿರಿಯ ಸಂಗ್ರಾಹಕರೊಬ್ಬರನ್ನು ಕರೆಸಿದೆವು. ಅವರು ಬೆಲೆಯ ಮಾತನ್ನೇ ಎತ್ತದೆ ಚಿಮಟದಿಂದ ಒಂದೊಂದೇ ಚೀಟಿಯನ್ನು ಮಗುಚಿ ಬೆನ್ನನ್ನು ನೋಡಿದರು. ಹಿಂಬದಿಯ ಗೋಂದು ಮೂಲಸ್ಥಿತಿಯಲ್ಲಿದೆಯೇ, ಅಂಚಿನ ಹಲ್ಲುಗಳು ಮುರಿದಿಲ್ಲವೇ, ತೇವದಿಂದ ಕಂದು ಕಲೆಗಳು ಎದ್ದಿವೆಯೇ ಎಂಬುದು ಅವರ ಪರೀಕ್ಷೆ. ಕರಾವಳಿ ಮತ್ತು ಮಲೆನಾಡಿನ ಸದಸ್ಯರು ಈ ಕಲೆಗಳ ಬಗ್ಗೆ ವಿಶೇಷ ಎಚ್ಚರ ವಹಿಸುವುದು ಒಳ್ಳೆಯದು. ಒಂದು ಮಳೆಗಾಲ ಸಾಕು. ಬಳಸದ ಚೀಟಿಗೆ ಅಂಟು ಹಚ್ಚಿ ಪುಟಕ್ಕೆ ಅಂಟಿಸಿದರೆ, ಲ್ಯಾಮಿನೇಷನ್ ಮಾಡಿಸಿದರೆ ಅಥವಾ ಸೆಲ್ಲೋಟೇಪ್ ಬಳಸಿದರೆ ಅದರ ಮಾರುಕಟ್ಟೆ ಬೆಲೆ ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತು. ಬಿಡುಗಡೆಯ ದಿನದ ವಿಶೇಷ ಮುದ್ರೆಯಿರುವ ಪ್ರಥಮ ದಿನದ ಲಕೋಟೆಯಿಂದ ಚೀಟಿಯನ್ನು ಕತ್ತರಿಸಿ ತೆಗೆಯುವುದೂ ಅದೇ ಬಗೆಯ ನಷ್ಟ. ಹಳೆಯ ವ್ಯವಹಾರ ಲಕೋಟೆಗಳ ವಿಷಯದಲ್ಲೂ ಹಾಗೆಯೇ: ಊರು, ದಿನಾಂಕ, ಸಾಗಿಬಂದ ದಾರಿಯನ್ನು ತಿಳಿಸುವ ಮುದ್ರೆಗಳು ಸ್ಪಷ್ಟವಾಗಿದ್ದರೆ ಬಿಡಿ ಚೀಟಿಗಿಂತ ಇಡೀ ಲಕೋಟೆಯನ್ನೇ ಸಂಗ್ರಾಹಕರು ಬಯಸುತ್ತಾರೆ. ಅಟ್ಟದ ಕಂತೆಗಳ ವಿಷಯವನ್ನು ನಾನು ಅವರಿಗೆ ತಿಳಿಸಿದ್ದು ಆ ಸಂಜೆ, ಸ್ವಲ್ಪ ತಡವಾಗಿ. ಅವರು ಏನೂ ಹೇಳಲಿಲ್ಲ.

ಆಲ್ಬಮ್ಮಿನ ಜೋಡಣೆ ನಮಗೆಲ್ಲ ಗೊಂದಲಮಯವಾಗಿ ಕಂಡಿತ್ತು. ಮೊದಲಲ್ಲಿ 1955ರ ಪಂಚವಾರ್ಷಿಕ ಯೋಜನೆಯ ನಿತ್ಯಬಳಕೆಯ ಚೀಟಿಗಳು; ಅವುಗಳಲ್ಲಿ ನೂಲುವ ಮಹಿಳೆ, ಕೈಮಗ್ಗ ಮತ್ತು ವಿದ್ಯುತ್ ಮಗ್ಗ ಮೂರನ್ನೂ ಅಕ್ಕಪಕ್ಕದಲ್ಲಿ ಇಡಲಾಗಿತ್ತು. ಅನಂತರ 1958ರ ಉಕ್ಕು ಉದ್ಯಮದ ಸುವರ್ಣ ಮಹೋತ್ಸವ, 1960ರ ಸರ್ ಎಂ. ವಿಶ್ವೇಶ್ವರಯ್ಯ, 1965ರ ಜಮ್‌ಷೆಡ್‌ಜಿ ಟಾಟಾ, 1969ರ ಗಾಂಧಿ ಶತಮಾನೋತ್ಸವ ಮಾಲೆಯಿಂದ ಚರಕದೊಡನಿರುವ ಗಾಂಧೀಜಿ, 1977ರಲ್ಲಿ ಬಂದ ಫಿಕ್ಕಿ ಸುವರ್ಣ ಮಹೋತ್ಸವದ ಚೀಟಿ. ಇಲ್ಲಿಯವರೆಗೆ ಸರಿಯೇ. ಆದರೆ ಇವುಗಳ ನಡುವೆ 1964ರ ಪುರಂದರದಾಸರು ಮತ್ತು 1967ರ ಬಸವೇಶ್ವರರು ಏಕೆ ಬಂದರು? ಸಂತರಿಗೆ ಬೇರೆ ಪುಟ ಇರಬೇಕಿತ್ತಲ್ಲ ಎಂದು ಕಿರಿಯ ಸಹೋದರರು ಆಕ್ಷೇಪಿಸಿದರು.

ಉತ್ತರ ತಂದೆಯವರ ಸಣ್ಣ ಅಕ್ಷರಗಳಲ್ಲೇ ಇತ್ತು. ಪುರಂದರದಾಸರ ಚೀಟಿಯ ಕೆಳಗೆ 'ನವಕೋಟಿ ನಾರಾಯಣ' ಎಂದೂ, ಬಸವಣ್ಣನವರ ಕೆಳಗೆ 'ಭಂಡಾರಿ, ಕಾಯಕ' ಎಂದೂ ಬರೆದಿದ್ದರು. ದಾಸರಾಗುವ ಮುನ್ನ ಅವರು ಶ್ರೀನಿವಾಸ ನಾಯಕರೆಂಬ ಧನಿಕ ರತ್ನಪಡಿ ವ್ಯಾಪಾರಿಯಾಗಿದ್ದರೆಂಬುದು ನಮ್ಮಲ್ಲಿ ಮನೆಮಾತು. ಬಸವಣ್ಣನವರಂತೂ ಬಿಜ್ಜಳನ ಆಸ್ಥಾನದ ಭಂಡಾರಿ. ಲೆಕ್ಕ ಬರೆಯುವ ವೃತ್ತಿಯವನಾದ ನನಗೆ ಆ ಪುಟದ ಮುಂದೆ ಕೊಂಚ ಹೆಮ್ಮೆಯೆನಿಸಿದ್ದನ್ನು ಮುಚ್ಚಿಡಲಾರೆ. ಹಾಗೆ ನೋಡಿದರೆ ಇಡೀ ಆಲ್ಬಮ್ ಸಂತರದೂ ಅಲ್ಲ, ಕೈಗಾರಿಕೆಯದೂ ಅಲ್ಲ. ಅದು ಕಸುಬಿನ ಆಲ್ಬಮ್.

ವಿಷಯಾಧಾರಿತ ಸಂಗ್ರಹವೆಂದರೆ ಇದೇ. ಅಂಚೆ ಇಲಾಖೆ ಹೊರತರುವ ಪ್ರತಿಯೊಂದು ಚೀಟಿಯನ್ನೂ ಕೊಳ್ಳುವುದು ದಾಸ್ತಾನು ಮಾತ್ರ. ಒಂದು ವಿಷಯವನ್ನು ಆರಿಸಿಕೊಂಡು ಅದರ ಜಾಡು ಹಿಡಿದಾಗ ಸಂಗ್ರಹವಾಗುತ್ತದೆ. ನಮ್ಮ ಖಾತೆಗಳಲ್ಲಿ ಒಂದೇ ವೋಚರನ್ನು ಯಾವ ಶೀರ್ಷಿಕೆಗೆ ಸೇರಿಸಬೇಕೆಂದು ಚರ್ಚಿಸುವಂತೆ, ಇಲ್ಲಿಯೂ ಒಂದೇ ಚೀಟಿ ಹಲವು ಶೀರ್ಷಿಕೆಗಳಿಗೆ ಹೊಂದುತ್ತದೆ. ವಿಶ್ವೇಶ್ವರಯ್ಯನವರ ಚೀಟಿ ಎಂಜಿನಿಯರಿಂಗ್‌ಗೆ ಸೇರೀತು, ಕರ್ನಾಟಕಕ್ಕೆ ಸೇರೀತು, ಬದುಕಿದ್ದಾಗಲೇ ಅಂಚೆಚೀಟಿಯ ಗೌರವ ಪಡೆದವರ ಕಿರುಪಟ್ಟಿಗೂ ಸೇರೀತು. ಜೀವಿಸಿರುವವರ ಚಿತ್ರವನ್ನು ಸಾಮಾನ್ಯವಾಗಿ ಅಚ್ಚು ಹಾಕುವುದಿಲ್ಲ, 1958ರಲ್ಲಿ ಡಿ.ಕೆ. ಕರ್ವೆ, 1980ರಲ್ಲಿ ಮದರ್ ತೆರೇಸಾ, 2013ರಲ್ಲಿ ಸಚಿನ್ ತೆಂಡೂಲ್ಕರ್ ಮುಂತಾದವರು ಇದಕ್ಕೆ ಅಪವಾದ. ನಮ್ಮ ಸದಸ್ಯರಲ್ಲಿ ಜವಳಿಯವರು ಖಾದಿ ಮತ್ತು ಮಗ್ಗದ ಚೀಟಿಗಳನ್ನೇ ಹಿಡಿದು ಹೊರಡಬಹುದು. 2011ರಲ್ಲಿ ಖಾದಿ ಬಟ್ಟೆಯ ಮೇಲೆಯೇ ಅಚ್ಚಾದ 250 ರೂಪಾಯಿ ಮುಖಬೆಲೆಯ ಗಾಂಧಿ ಚೀಟಿ ಅಂಥ ಸಂಗ್ರಹದ ಕೊನೆಯ ಪುಟಕ್ಕೆ ಸೊಗಸಾಗಿ ಒಪ್ಪುತ್ತದೆ. ಗಂಧದ ಎಣ್ಣೆ, ಅಗರಬತ್ತಿಯ ಉದ್ಯಮದವರಿಗೆ 2006ರ ಡಿಸೆಂಬರ್ 13ರಂದು ಬಂದ 15 ರೂಪಾಯಿಯ ಶ್ರೀಗಂಧದ ಚೀಟಿಯಿದೆ. ಪರಿಮಳವನ್ನು ಲೇಪಿಸಿದ ದೇಶದ ಮೊದಲ ಚೀಟಿ ಅದು.

ಸಂಗ್ರಾಹಕರು ಕೊನೆಗೆ ಹೇಳಿದ್ದು ಇಷ್ಟು: ಬಿಡಿ ಚೀಟಿಗಳಾಗಿ ಮಾರಿದರೆ ಇವುಗಳಲ್ಲಿ ಬಹುಪಾಲಿಗೆ ಒಂದೊಂದಕ್ಕೆ ಕೆಲವೇ ರೂಪಾಯಿ. ಒಟ್ಟಾಗಿ, ಈ ಟಿಪ್ಪಣಿಗಳೊಡನೆ, ಇದೇ ಅನುಕ್ರಮದಲ್ಲಿ ಇಟ್ಟರೆ ಆಸಕ್ತರೊಬ್ಬರು ಇಪ್ಪತ್ತೆರಡು ಸಾವಿರದವರೆಗೆ ಕೊಟ್ಟಾರು. ನಾಲ್ಕು ಪಾಲು ಮಾಡಿದ ದಿನ ಅದು ನಾಲ್ಕು ಸಾವಿರಕ್ಕೆ ಇಳಿಯುತ್ತದೆ. ಹಾಸಿನ ನೂಲನ್ನು ಕತ್ತರಿಸಿ ಹಂಚಿದರೆ ಸೀರೆಯ ದರ ಸಿಗದೆಂಬುದು ನೂಲಿನ ವ್ಯಾಪಾರಸ್ಥರಿಗೆ ವಿವರಿಸಬೇಕಾಗಿರಲಿಲ್ಲ.

ತೆರಿಗೆಯ ಅಂಶವನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಸುವುದು ಸೂಕ್ತ. ಅವಿಭಕ್ತ ಕುಟುಂಬದ ಪೂರ್ಣ ವಿಭಜನೆಯಲ್ಲಿ ಪಾಲಿಗೆ ಬಂದ ಆಸ್ತಿಯನ್ನು ವರ್ಗಾವಣೆಯೆಂದು ಪರಿಗಣಿಸುವುದಿಲ್ಲ, ಆದ್ದರಿಂದ ಆ ಹಂತದಲ್ಲಿ ತೆರಿಗೆಯಿಲ್ಲ. ಮುಂದೆ ಮಾರಿದಾಗ ಪ್ರಶ್ನೆ ಏಳುತ್ತದೆ. ವೈಯಕ್ತಿಕ ಬಳಕೆಯ ಚರ ವಸ್ತುಗಳು ಬಂಡವಾಳ ಆಸ್ತಿಯಲ್ಲ. ಆದರೆ ಆಭರಣಗಳು ಈ ವಿನಾಯಿತಿಯಿಂದ ಮೊದಲೇ ಹೊರಗಿದ್ದವು, 2007ರ ತಿದ್ದುಪಡಿ ವರ್ಣಚಿತ್ರ, ಶಿಲ್ಪ, ಪುರಾತತ್ತ್ವ ಸಂಗ್ರಹ ಮತ್ತು ಕಲಾಕೃತಿಗಳನ್ನೂ ಹೊರಗಿಟ್ಟಿತು. ಅಂಚೆಚೀಟಿಯ ಹೆಸರು ಆ ಪಟ್ಟಿಯಲ್ಲಿಲ್ಲ ಎಂದು ನೆಮ್ಮದಿಯಿಂದಿರುವ ಹಾಗಿಲ್ಲ. ಮಾಲೀಕನ ನಿತ್ಯದ, ನಿಕಟವಾದ ಬಳಕೆಯಲ್ಲಿರುವುದು ಮಾತ್ರ ವೈಯಕ್ತಿಕ ವಸ್ತು ಎಂಬ ಸಂಕುಚಿತ ಅರ್ಥವನ್ನು ಸರ್ವೋಚ್ಚ ನ್ಯಾಯಾಲಯ 1976ರಲ್ಲಿಯೇ ಎತ್ತಿಹಿಡಿದಿದೆ. ತಿಜೋರಿಯಲ್ಲಿಟ್ಟ ಆಲ್ಬಮ್ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಕಷ್ಟ. ಗಣನೀಯ ಮೊತ್ತಕ್ಕೆ ಮಾರಿದರೆ ಬಂಡವಾಳ ಲಾಭವೆಂದು ಘೋಷಿಸುವುದೇ ಕ್ಷೇಮವೆಂಬುದು ನನ್ನ ಅಭಿಪ್ರಾಯ. 2001ರ ಏಪ್ರಿಲ್ 1ಕ್ಕಿಂತ ಮೊದಲು ಸಂಗ್ರಹಿಸಿದ್ದಕ್ಕೆ ಆ ದಿನದ ನ್ಯಾಯಯುತ ಬೆಲೆಯನ್ನು ಮೂಲವೆಚ್ಚವಾಗಿ ತೆಗೆದುಕೊಳ್ಳಲು ಅವಕಾಶವಿದೆ. ಆದಕಾರಣ ಮೌಲ್ಯಮಾಪಕರ ವರದಿಯನ್ನು ಬರವಣಿಗೆಯಲ್ಲಿ ಪಡೆದು ಇಟ್ಟುಕೊಳ್ಳಬೇಕು. 1961ರ ಕಾಯಿದೆಯ ಸ್ಥಾನಕ್ಕೆ 2025ರ ಕಾಯಿದೆ 2026ರ ಏಪ್ರಿಲ್ 1ರಿಂದ ಬಂದಿದೆ, ವಿಭಾಗ ಸಂಖ್ಯೆಗಳನ್ನು ಹೊಸದಾಗಿ ನೋಡಿಕೊಳ್ಳಿ. ಇನ್ನು ಚೀಟಿಗಳನ್ನು ಕೊಂಡು ಮಾರುವುದನ್ನೇ ನಿಯಮಿತವಾಗಿ ಮಾಡುವವರಿಗೆ ಅದು ಹವ್ಯಾಸವಲ್ಲ, ವ್ಯಾಪಾರದ ಆದಾಯ.

ಹೊಸದಾಗಿ ಆರಂಭಿಸುವವರು ಅಂಚೆ ಇಲಾಖೆಯ ಫಿಲಾಟೆಲಿ ಬ್ಯೂರೋದಲ್ಲಿ ಠೇವಣಿ ಖಾತೆ ತೆರೆದರೆ ಬೇಕಾದ ಚೀಟಿಗಳು ಮುಖಬೆಲೆಗೇ ಮನೆಗೆ ಬರುತ್ತವೆ. ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯಲ್ಲಿ ಬ್ಯೂರೋ ಇದೆ. ಮಧ್ಯವರ್ತಿಗಳಿಂದ ಹೆಚ್ಚಿನ ದರಕ್ಕೆ ಹೊಸ ಚೀಟಿ ಕೊಳ್ಳುವ ಅಗತ್ಯವಿಲ್ಲ. 2011ರಿಂದ ಬಂದ 'ಮೈ ಸ್ಟ್ಯಾಂಪ್' ಯೋಜನೆಯಲ್ಲಿ ತಮ್ಮ ಸಂಸ್ಥೆಯ ಚಿತ್ರ ಸೇರಿಸಿಕೊಳ್ಳುವವರು ಅದನ್ನು ಪ್ರಚಾರದ ವೆಚ್ಚವೆಂದು ಬರೆಯಲಿ, ಹೂಡಿಕೆಯೆಂದು ತೋರಿಸುವುದು ಬೇಡ.

ಆ ಆಲ್ಬಮ್ ಕೊನೆಗೆ ಸಹೋದರಿಯ ಪಾಲಿಗೆ ಹೋಯಿತು. ಬಾಲ್ಯದಲ್ಲಿ ತಂದೆಯವರೊಡನೆ ಬಟ್ಟಲಿನ ನೀರಿನಲ್ಲಿ ಲಕೋಟೆಯ ತುಂಡುಗಳನ್ನು ನೆನೆಸಿ ಚೀಟಿ ಬಿಡಿಸುತ್ತಿದ್ದವರು ಅವರೊಬ್ಬರೇ ಎಂಬುದು ಮಾತಿನ ನಡುವೆ ತಿಳಿಯಿತು. ವಿಭಜನಾ ಪತ್ರದ ಅನುಸೂಚಿಯಲ್ಲಿ ಇಪ್ಪತ್ತೆರಡು ಸಾವಿರ ರೂಪಾಯಿ ಎಂದು ನಮೂದಿಸಿ, ಅಷ್ಟು ಮೊತ್ತವನ್ನು ಅವರ ನಗದು ಪಾಲಿನಲ್ಲಿ ಕಡಿತ ಮಾಡಲಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಕಾಫಿಯ ಪರಿಮಳವಿರುವ ನೂರು ರೂಪಾಯಿಯ ಚೀಟಿ ಬೆಂಗಳೂರಿನಲ್ಲಿ ಬಿಡುಗಡೆಯಾದಾಗ ಅವರು ನನಗೆ ದೂರವಾಣಿ ಕರೆ ಮಾಡಿದರು. ಎರಡು ಕೊಂಡಿದ್ದರಂತೆ. ಒಂದನ್ನು ತಂದೆಯವರ ಕೊನೆಯ ಪುಟದಲ್ಲಿ ಸೇರಿಸಿ, ಕೆಳಗೆ ಏನು ಬರೆಯಬೇಕೆಂದು ಕೇಳುತ್ತಿದ್ದರು.